ಡೈನೋಸಾರ್ ಡಬ್ಬದಲ್ಲಿ ನಮ್ಮ ದಾಯಾದಿ

ಅಕ್ಕನ ಮಗನಿಗೆ ಒಂದು ಡಬ್ಬ ಡೈನೋಸಾರ್ ಆಟಿಕೆ ಕೊಡಿಸಿದ್ದೆ. ಅದರಲ್ಲಿ ಬೆನ್ನ ಮೇಲೆ ದೊಡ್ಡ ಹಾಯಿ ಇರೋ ಒಂದು ಪ್ರಾಣಿ ಇತ್ತು. ಹೆಸರು ಡೈಮೆಟ್ರೊಡಾನ್. "ಇದು ಡೈನೋಸಾರೇ ಅಲ್ಲ ಕಣೋ, ನಮ್ಮ ಕಡೆಯೋನು" ಅಂದೆ. "ಸುಳ್ಳು ಮಾಮಾ" ಅಂದ. ಇವತ್ತಿನ ಎಪಿಸೋಡ್ ಅವನಿಗೋಸ್ಕರ.

ಡೈಮೆಟ್ರೊಡಾನ್ ಬದುಕಿದ್ದು ಸುಮಾರು 29ರಿಂದ 27 ಕೋಟಿ ವರ್ಷಗಳ ಹಿಂದೆ. ಡೈನೋಸಾರ್‌ಗಳು ಬಂದಿದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಇವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ!

ಹಾಗಾದ್ರೆ ನಮ್ಮ ಕಡೆಯೋನು ಅಂತ ಹೇಗೆ ಗೊತ್ತು? ತಲೆಬುರುಡೆ ನೋಡಿ. ಡೈನೋಸಾರ್, ಮೊಸಳೆಗಳಿಗೆ ಕಣ್ಣಿನ ಹಿಂದೆ ಪ್ರತಿ ಬದಿಗೆ ಎರಡೆರಡು ತೂತು. ಡೈಮೆಟ್ರೊಡಾನ್‌ಗೆ ಒಂದೇ. ಈ ಒಂದು ತೂತಿನ ಗುಂಪಿಗೆ ಸಿನಾಪ್ಸಿಡ್ ಅಂತ ಹೆಸರು. ನಾವೂ ಅದೇ ಗುಂಪು. ಕಣ್ಣಿಗೂ ಕಿವಿಗೂ ನಡುವೆ ಬೆರಳಿಟ್ಟು ಹಲ್ಲು ಕಚ್ಚಿ. ಉಬ್ಬಿತಲ್ಲ? ದವಡೆಯ ಆ ಸ್ನಾಯು ಕೆಳಗೆ ಹಾದುಹೋಗೋದು ಅದೇ ತೂತಿನಲ್ಲಿ. ಅವನು ನಮ್ಮ ನೇರ ಅಜ್ಜ ಅಲ್ಲ, ಅಜ್ಜನ ದಾಯಾದಿ ಅನ್ನಿ.

ಹಳೇ ಪುಸ್ತಕಗಳು ಇವುಗಳನ್ನ 'ಸಸ್ತನಿಯಂಥ ಸರೀಸೃಪಗಳು' ಅಂತಿದ್ದವು. ನನಗೂ ಅದೇ ತಲೇಲಿತ್ತು. ಆದರೆ ಎರಡೂ ವಂಶ 31 ಕೋಟಿ ವರ್ಷಗಳಿಗೂ ಹಿಂದೆಯೇ ಕವಲೊಡೆದಿವೆ. ಸರೀಸೃಪದಿಂದ ಸಸ್ತನಿ ಬಂತು ಅನ್ನೋದು ಚಿಕ್ಕಪ್ಪನ ಮಗನಿಂದ ನಾನು ಹುಟ್ಟಿದೆ ಅಂದ ಹಾಗೆ.

ನನಗೆ ತುಂಬಾ ಇಷ್ಟವಾದ ಸಾಕ್ಷಿ ಕಿವಿಯಲ್ಲಿದೆ. ಡೈಮೆಟ್ರೊಡಾನ್‌ನ ಕೆಳದವಡೆಯಲ್ಲಿ ಹಲವು ಮೂಳೆಗಳಿದ್ದವು; ನಮಗೆ ಒಂದೇ. ಉಳಿದವು ಎಲ್ಲಿ ಹೋದವು? 1837ರಲ್ಲಿ ಜರ್ಮನಿಯ ರೈಖರ್ಟ್ ಭ್ರೂಣಗಳನ್ನು ಪರೀಕ್ಷಿಸಿ, ಸರೀಸೃಪಗಳಲ್ಲಿ ದವಡೆಯ ಕೀಲಾಗಿರೋ ಎರಡು ಮೂಳೆಗಳೇ ಸಸ್ತನಿಗಳ ಕಿವಿಯ ಸುತ್ತಿಗೆ ಮತ್ತು ಅಡಿಗಲ್ಲು ಮೂಳೆಗಳು ಅಂತ ತೋರಿಸಿದರು. ಒಪ್ಪೋಣ, ಆದರೆ ಕೀಲು ಬಿಚ್ಚಿ ಕಿವಿಗೆ ಕಳಿಸಿದರೆ, ನಡುವಿನ ಕಾಲದ ಪ್ರಾಣಿ ಊಟ ಮಾಡೋದು ಹೇಗೆ? ಉತ್ತರ ಪಳೆಯುಳಿಕೆಯಲ್ಲಿ ಸಿಕ್ಕಿತು. ಸುಮಾರು 20 ಕೋಟಿ ವರ್ಷಗಳ ಹಿಂದಿನ, ಮೂಗಿಲಿಯಷ್ಟೇ ಇದ್ದ ಮಾರ್ಗನುಕೊಡಾನ್‌ಗೆ ಹಳೇ ಕೀಲು, ಹೊಸ ಕೀಲು ಎರಡೂ ಒಟ್ಟಿಗೇ ಇದ್ದವು. ಹೊಸದು ಗಟ್ಟಿಯಾಗೋವರೆಗೆ ಹಳೇದು ಕೆಲಸ ಬಿಟ್ಟಿರಲಿಲ್ಲ. ಆಮೇಲೆ ಅದು ಕಿವಿಗೆ ಸೇರಿಕೊಂಡಿತು. ಈಗ ನಿಮ್ಮ ಇಯರ್‌ಫೋನ್‌ನಿಂದ ಬರ್ತಿರೋ ನನ್ನ ದನಿ ದಾಟಿ ಹೋಗ್ತಿರೋದು ಆ ಮೂಳೆಗಳನ್ನೇ.

ಇದೆಲ್ಲ ಕೇಳಿ ಹುಡುಗ ಕೇಳಿದ್ದು ಒಂದೇ: "ಹಂಗಾದ್ರೆ ಡೈನೋಸಾರ್ ಕಿವೀಲಿ?" ಡೈನೋಸಾರ್ ವಂಶದ್ದೇ ಆದ ಕೋಳಿ ಇದೆಯಲ್ಲ, ಅದರ ನಡುಗಿವಿಯಲ್ಲಿ ಇವತ್ತಿಗೂ ಒಂದೇ ಮೂಳೆ.