ಆ ಹುಡುಗಿ ಯಾಕೆ ಬಾಯಿ ಬಿಡಲಿಲ್ಲ?

ತರಗತಿಯಲ್ಲಿ ಒಬ್ಬಳು ಹುಡುಗಿ ಎದ್ದು ನಿಂತಿದ್ದಾಳೆ. ಮುಟ್ಟು ಅಂದರೆ ಏನು ಎಂಬುದು ಪ್ರಶ್ನೆ. ಉತ್ತರ ಗೊತ್ತಿಲ್ಲ ಅಂತಲ್ಲ, ಬಾಯಿಗೆ ಬರುವುದಿಲ್ಲ. ಕ್ಯಾಮರಾ ಕಾಯುತ್ತದೆ, ನೋಡುವ ನಾವೂ ಕಾಯುತ್ತೇವೆ. ಹುಡುಗರ ಕಥೆ ಇನ್ನೊಂದು. ಪೀರಿಯಡ್ ಅಂದರೆ ಶಾಲೆಯಲ್ಲಿ ಬೆಲ್ ಹೊಡೆಯುವುದಾ ಎನ್ನುತ್ತಾನೆ ಒಬ್ಬ. ಅದೊಂದು ಕಾಯಿಲೆ ಎನ್ನುತ್ತಾನೆ ಮತ್ತೊಬ್ಬ.

ಇದು ‘ಪೀರಿಯಡ್. ಎಂಡ್ ಆಫ್ ಸೆಂಟೆನ್ಸ್.’ ಎಂಬ ಕಿರು ಸಾಕ್ಷ್ಯಚಿತ್ರ. 2019ರಲ್ಲಿ ಆಸ್ಕರ್ ಪಡೆಯಿತು. ಚಿತ್ರೀಕರಣ ನಡೆದದ್ದು ಉತ್ತರ ಪ್ರದೇಶದ ಹಾಪುರ ಜಿಲ್ಲೆಯ ಹಳ್ಳಿಯಲ್ಲಿ. ಆದರೆ ಕೆಲಸ ಶುರು ಮಾಡಿದ್ದು ಅಮೆರಿಕದ ಲಾಸ್ ಏಂಜಲೀಸ್‌ನ ಓಕ್‌ವುಡ್ ಶಾಲೆಯ ವಿದ್ಯಾರ್ಥಿನಿಯರು ಮತ್ತು ಅವರ ಇಂಗ್ಲಿಷ್ ಶಿಕ್ಷಕಿ ಮೆಲಿಸ್ಸಾ ಬರ್ಟನ್. ಮುಟ್ಟಿನಿಂದಾಗಿ ಹೆಣ್ಣುಮಕ್ಕಳು ಶಾಲೆ ಬಿಡುತ್ತಾರೆ ಎಂದು ಕೇಳಿ ಆ ಹುಡುಗಿಯರು ಕೇಕ್, ಬಿಸ್ಕೆಟ್ ಮಾರಿ, ಆನ್‌ಲೈನ್‌ನಲ್ಲಿ ಚಂದಾ ಎತ್ತಿ ದುಡ್ಡು ಕೂಡಿಸಿದರು. ಆ ದುಡ್ಡಿನಲ್ಲಿ ಹಳ್ಳಿಗೆ ಪ್ಯಾಡ್ ತಯಾರಿಸುವ ಯಂತ್ರ ಬಂತು, ಚಿತ್ರವೂ ಆಯಿತು. ನಿರ್ದೇಶಕಿ ಇರಾನ್ ಮೂಲದ ರೇಕಾ ಝೆಹ್ತಾಬ್‌ಚಿ. ಯಂತ್ರವೋ ನಮ್ಮ ಪಕ್ಕದ ಕೊಯಮತ್ತೂರಿನ ಅರುಣಾಚಲಂ ಮುರುಗಾನಂತಂ ಅವರದು.

ನನಗೆ ಆಸ್ಕರ್‌ಗಿಂತ ದೊಡ್ಡದಾಗಿ ಕಂಡದ್ದು ಬೇರೆ. ಬಟ್ಟೆ ಬದಲಿಸಲು ಜಾಗ ಇಲ್ಲದೆ, ಗಂಡಸರ ಕಣ್ಣು ತಪ್ಪಿಸಲಾಗದೆ ಓದು ಬಿಟ್ಟೆ ಎಂದು ಒಬ್ಬ ಹೆಣ್ಣುಮಗಳು ಹೇಳುತ್ತಾಳೆ. ಅಳು ಇಲ್ಲ, ದೂರು ಇಲ್ಲ, ಸುಮ್ಮನೆ ಹೇಳುತ್ತಾಳೆ.

ನಮ್ಮಲ್ಲಿ ಪರಿಸ್ಥಿತಿ ಅಷ್ಟು ಕೆಟ್ಟಿಲ್ಲ ಎನ್ನಬಹುದು. ಮದ್ರಸದಲ್ಲೇ ಹೈಳ್‌ನ ಪಾಠ ಆಗುತ್ತದೆ. ನಮಾಝ್ ಇಲ್ಲ, ಬಿಟ್ಟ ಉಪವಾಸ ಮತ್ತೆ ಹಿಡಿಯಬೇಕು, ಕುಳಿ ಹೇಗೆ ಎಂಬುದೆಲ್ಲ ಮಕ್ಕಳಿಗೆ ಬಾಯಿಪಾಠ. ಆದರೆ ಹೊಟ್ಟೆನೋವು ಜಾಸ್ತಿಯಾದರೆ ಯಾರಿಗೆ ಹೇಳಬೇಕು? ಆಟಿಯ ಮಳೆಗೆ ಒಣಗದ ಬಟ್ಟೆಯನ್ನು ಕತ್ತಲೆ ಮೂಲೆಯಲ್ಲಿ ಹಾಕಿ, ಒದ್ದೆ ಒದ್ದೆಯಾಗಿಯೇ ಮತ್ತೆ ಉಟ್ಟರೆ ತುರಿಕೆ, ಸೋಂಕು ಬರುತ್ತದೆ ಅಂತ ಹೇಳುವವರು ಯಾರು? ಉಮ್ಮ ಪಿಸುಮಾತಿನಲ್ಲಿ ಹೇಳಿದಷ್ಟೇ. ಬಾಪ ಪ್ಯಾಡ್ ತಂದರೂ ಅಂಗಡಿಯವನು ಪೇಪರಿನಲ್ಲಿ ಸುತ್ತಿ, ಕಪ್ಪು ಚೀಲಕ್ಕೆ ಹಾಕಿ ಕೊಡಬೇಕು, ಕದ್ದ ಮಾಲು ಕೊಟ್ಟ ಹಾಗೆ!

ಇದು ಹಯಾ ಅಲ್ಲವಾ ಎಂದು ಕೇಳುವವರಿದ್ದಾರೆ. ಅನ್ಸಾರಿ ಮಹಿಳೆಯರು ಮುಟ್ಟಿನ ನಂತರದ ಸ್ನಾನದ ಬಗ್ಗೆ ಪ್ರವಾದಿ(ಸ)ಯವರಲ್ಲೇ ಹೋಗಿ ಕೇಳಿದ್ದರು. ದೀನ್ ಕಲಿಯಲು ಅವರಿಗೆ ನಾಚಿಕೆ ಅಡ್ಡ ಬರಲಿಲ್ಲ ಎಂದು ಹಝ್ರತ್ ಆಯಿಶಾ(ರ) ಹೊಗಳಿದ್ದು ಹದೀಸ್‌ನಲ್ಲಿದೆ. ಹಯಾ ಏನೆಂದು ಅವರಿಗಿಂತ ಹೆಚ್ಚು ಬಲ್ಲವರು ನಾವಾ?

ಸರಕಾರ ಮುಟ್ಟಿನ ಕಪ್ ಯೋಜನೆಯನ್ನು ಪ್ರಾಯೋಗಿಕವಾಗಿ ಶುರು ಮಾಡಿದ ಜಿಲ್ಲೆಗಳಲ್ಲಿ ನಮ್ಮ ದಕ್ಷಿಣ ಕನ್ನಡವೂ ಒಂದು. ಅದನ್ನು ಬಳಸಬೇಕೋ ಬೇಡವೋ ಎಂದು ತೀರ್ಮಾನಿಸಲಾದರೂ ಉಮ್ಮ, ಮಗಳು ಕೂತು ಮಾತಾಡಬೇಕಲ್ಲ.

ಚಿತ್ರ ಅರ್ಧ ಗಂಟೆಯೂ ಇಲ್ಲ. ಹಳ್ಳಿಯ ಹೆಂಗಸರು ಪ್ಯಾಡ್ ತಯಾರಿಸಿ, ಚೀಲ ಹೊತ್ತು ಮನೆಮನೆಗೆ ಹೋಗಿ ಮಾರುತ್ತಾರೆ. ಅದೇ ಘಟಕದಲ್ಲಿ ದುಡಿಯುವ ಸ್ನೇಹಾ ಎಂಬ ಹುಡುಗಿಗೆ ದಿಲ್ಲಿ ಪೊಲೀಸ್ ಸೇರುವ ಆಸೆ. ಅದರ ತರಬೇತಿಗೆ ಬೇಕಾದ ದುಡ್ಡನ್ನು ಅವಳು ದುಡಿಯುತ್ತಿರುವುದು ಇದೇ ಪ್ಯಾಡ್‌ನಿಂದ.