ಬೆಳಗಿನ ಜಾವ ಮೂರರ ಭಯ

ರಾತ್ರಿ ಕುಡಿದು ಮಲಗಿದವರಿಗೆ ಎಷ್ಟೋ ಸಲ ಬೆಳಗಿನ ಜಾವ ಮೂರಕ್ಕೇ ಎಚ್ಚರ. ಎದೆ ಡವಡವ, ಅಂಗೈ ಬೆವರು, ಕಾರಣವಿಲ್ಲದ ಭಯ. ಯಾಕೆ ಗೊತ್ತಾ?

ಮೆದುಳಲ್ಲಿ ಗಾಬಾ ಅನ್ನೋ ರಾಸಾಯನಿಕ ಬ್ರೇಕ್ ಇದ್ದ ಹಾಗೆ, ಗ್ಲುಟಮೇಟ್ ಆಕ್ಸಿಲರೇಟರ್. ಮದ್ಯ ಬ್ರೇಕ್ ಒತ್ತುತ್ತೆ. ಅದಕ್ಕೇ ಮೊದಲ ಗ್ಲಾಸಿಗೆ ಮನಸ್ಸು ಹಗುರ. ದಿನಾ ಕುಡಿದರೆ ಮೆದುಳು ಹೊಂದಿಕೊಂಡು ಆಕ್ಸಿಲರೇಟರನ್ನೂ ಜೋರು ಮಾಡುತ್ತೆ. ಅಮಲು ಇಳಿದಾಗ ಉಳಿಯೋದು ಆ ಓಟ ಮಾತ್ರ. ಆತಂಕ ಕಳೆಯೋಕೆ ಕುಡಿದದ್ದು, ಆತಂಕವನ್ನೇ ಬೆಳೆಸಿರುತ್ತೆ.

ಕೆಲವರ ಆತಂಕಕ್ಕೆ ಹಳೆಯ ಬೇರಿರುತ್ತೆ: ಬಾಲ್ಯದಲ್ಲಿ ತಿಂದ ಹೊಡೆತ, ಕಣ್ಣೆದುರೇ ನಡೆದ ಅಪಘಾತ... ಇಂಥ ಗಾಯ ಹೊತ್ತವರ ಮೈ ಎಷ್ಟೋ ವರ್ಷ ಅಪಾಯವನ್ನೇ ಕಾಯ್ತಾ ಇರುತ್ತೆ. ಅವರಲ್ಲಿ ಕೆಲವರಿಗೆ ಬಾಟ್ಲಿಯೇ ಔಷಧಿ ಅನ್ನಿಸಿಬಿಡುತ್ತೆ. ‘ಕುಡುಕ’ ಅನ್ನೋಕೆ ಮುಂಚೆ ದಯವಿಟ್ಟು ಇದನ್ನ ನೆನಪಿಸಿಕೊಳ್ಳಿ.

ಇನ್ನೊಂದು, ತುಂಬಾ ಮುಖ್ಯ: ವರ್ಷಗಟ್ಟಲೆ ದಿನಾ ಕುಡಿದವರು ದೇವರ ಮುಂದೆ ಆಣೆ ಇಟ್ಟು ಏಕಾಏಕಿ ನಿಲ್ಲಿಸಬೇಡಿ. ಮೊದಲ ಎರಡು-ಮೂರು ದಿನದಲ್ಲಿ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೂ ಅಪಾಯ. ವೈದ್ಯರ ಜೊತೆಯಲ್ಲೇ ಬಿಡಿ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇದಕ್ಕೇ ವಿಭಾಗವಿದೆ. ಟೆಲಿ ಮಾನಸ್ ಸಹಾಯವಾಣಿ, 14416: ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಬೆಳಗಿನ ಜಾವ ಮೂರಕ್ಕೂ.