ಹರೆಯದ ಕೈಗೆ ಹಾರೆ

ಸೇವಾ ಶಿಬಿರಕ್ಕೆ ಹೋದರೆ ಅಂಕ ಕಡಿಮೆಯಾದೀತೆಂದು ಮಕ್ಕಳನ್ನು ತಡೆಯುವ ಹಿರಿಯರನ್ನು ನಾವು ಕಂಡಿದ್ದೇವೆ. 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ ಸುತ್ತಿನ ತೋಟಗಳಲ್ಲಿ ಮರಳು ತುಂಬಿದಾಗ, ಶ್ರಮದಾನಕ್ಕೆ ಇಳಿದವರಲ್ಲಿ ಹರೆಯದವರೂ ಇದ್ದರು. 1969ರಲ್ಲಿ ಗಾಂಧಿ ಶತಮಾನೋತ್ಸವದ ಹೊತ್ತಿಗೆ ಹುಟ್ಟಿದ ರಾಷ್ಟ್ರೀಯ ಸೇವಾ ಯೋಜನೆ ಕಾಲೇಜು ವಿದ್ಯಾರ್ಥಿಯಿಂದ ಕೇಳುವುದು ಎರಡು ವರ್ಷಕ್ಕೆ 240 ಗಂಟೆ. ದಿನಕ್ಕೆ ಹಂಚಿದರೆ 20 ನಿಮಿಷ! ಜೊತೆಗೆ ಹಳ್ಳಿಯಲ್ಲಿ 7 ದಿನದ ಶಿಬಿರ. ಶಾಲಾ ಮಕ್ಕಳಿಗೆ ಸ್ಕೌಟ್ಸ್ ಮತ್ತು ಗೈಡ್ಸ್ ಇದೆ; 2022ರ ಡಿಸೆಂಬರಿನಲ್ಲಿ ಅದರ ಅಂತಾರಾಷ್ಟ್ರೀಯ ಜಾಂಬೂರಿ ಮೂಡುಬಿದಿರೆಯಲ್ಲೇ ನಡೆಯಿತು.

ಬಂಟ್ವಾಳದ ಹಳ್ಳಿಗಳ ಹಿರಿಯರೇ, ಊರಿಗೆ ಶಿಬಿರ ಬಂದಾಗ ಹಾರ, ಭಾಷಣಗಳಲ್ಲಿ ದಿನ ಕಳೆಯಬೇಡಿ. ಹೂಳು ತುಂಬಿದ ಕೆರೆ, ಕುಸಿದ ತೋಡಿನ ಬದು ತೋರಿಸಿ, ಹಾರೆ ಹಿಡಿಯುವ ಬಗೆ ಕಲಿಸಿ. ಮಧ್ಯಾಹ್ನದ ಗಂಜಿ ನಿಮ್ಮ ಮನೆಯಿಂದ ಬರಲಿ.